ಕಂಪ್ಯೂಟರ್ ಕೆಡುವ ಮೊದಲೇ ಕೀ ಹುಡುಕಿಟ್ಟುಕೊಳ್ಳಿ

ಕಂಪ್ಯೂಟರ್ ಆನ್ ಆಗದಿದ್ದರೆ ಏನು ಮಾಡಬೇಕೆಂಬುದು ನಮ್ಮ ಊರೂರಿನ ಸರ್ವಿಸ್ ಅಂಗಡಿಗಳಿಗೆ ಬಾಯಿಪಾಠ. ಹಾರ್ಡ್ ಡಿಸ್ಕ್ ಬಿಚ್ಚು, ಬೇರೊಂದು ಮೆಷಿನ್‌ಗೆ ಜೋಡಿಸು, ಫೈಲುಗಳನ್ನೆಲ್ಲ ಕಾಪಿ ಮಾಡಿಕೋ, ಆಮೇಲೆ ಫಾರ್ಮ್ಯಾಟ್ ಹೊಡೆದು ಹೊಸದಾಗಿ ವಿಂಡೋಸ್ ಹಾಕು. ಡಿಟಿಪಿ ಸೆಂಟರಿನ ಲಗ್ನಪತ್ರಿಕೆಗಳು, ಸಹಕಾರ ಸಂಘದ ಲೆಕ್ಕಪತ್ರ, ಅರ್ಧ ಬರೆದ ಪಿಎಚ್‌ಡಿ ಪ್ರಬಂಧ, ಮಗುವಿನ ನಾಮಕರಣದ ಫೋಟೊಗಳು ಹೀಗೆಯೇ ಉಳಿದುಕೊಂಡಿವೆ. ಆಪರೇಟಿಂಗ್ ಸಿಸ್ಟಂ ಹೋದರೇನು, ಡಿಸ್ಕ್ ಗಟ್ಟಿಯಿದ್ದರೆ ಒಳಗಿನದು ಎಲ್ಲಿಗೂ ಹೋಗದು ಎಂಬ ಧೈರ್ಯ ನಮಗೆ ಬಂದದ್ದು ಹಾಗೆ. ಆ ಧೈರ್ಯಕ್ಕೆ ಈಗ ಆಧಾರವಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ದಾರಿ ಸದ್ದಿಲ್ಲದೆ ಮುಚ್ಚುತ್ತಿದೆ. ಮುಚ್ಚಿರುವ ಸಂಗತಿ ಎಷ್ಟೋ ಮಾಲೀಕರಿಗೆ ಗೊತ್ತೇ ಇಲ್ಲ.

2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಒಂದು ನಿಯಮವನ್ನು ಸಡಿಲಿಸಿತು. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸುವ ಡಿವೈಸ್ ಎನ್‌ಕ್ರಿಪ್ಶನ್ ಅದಕ್ಕೂ ಮೊದಲು ಆಯ್ದ ಯಂತ್ರಗಳಲ್ಲಷ್ಟೇ ತಾನಾಗಿ ಚಾಲೂ ಆಗುತ್ತಿತ್ತು. ಈಗ ಬಹಳ ಹೆಚ್ಚು ಯಂತ್ರಗಳಲ್ಲಿ, ಹೋಂ ಆವೃತ್ತಿಯಲ್ಲಿಯೂ, ಹೊಸದಾಗಿ ವಿಂಡೋಸ್ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಸಾಕು, ಅದು ಶುರುವಾಗುತ್ತದೆ. ಅದನ್ನು ಬಿಚ್ಚುವ ಕೀ ಯಂತ್ರದೊಳಗಿನ ಟಿಪಿಎಂ ಎಂಬ ಭದ್ರತಾ ಭಾಗದ ರಕ್ಷಣೆಯಲ್ಲಿರುತ್ತದೆ. ಎಲ್ಲವೂ ಸರಿಯಿರುವಷ್ಟು ದಿನ ಡಿಸ್ಕಿಗೆ ಬೀಗ ಬಿದ್ದಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಡಿಸ್ಕನ್ನು ಬಿಚ್ಚಿ ಇನ್ನೊಂದು ಮೆಷಿನ್‌ಗೆ ಹಾಕಿದಾಗ, ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ಬಯೋಸ್ ಅಪ್‌ಡೇಟ್ ಮಾಡಿದಾಗ ನೀಲಿ ಪರದೆಯೊಂದು ಬಂದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಏನೂ ಮಾಡದಿದ್ದವರಿಗೂ ಈ ಪರದೆ ಎದುರಾಗಿದೆ: 2024ರ ಜುಲೈ ಮತ್ತು 2025ರ ಮೇ ತಿಂಗಳ ವಿಂಡೋಸ್ ಅಪ್‌ಡೇಟ್‌ಗಳಿಂದ ಕೆಲವು ಯಂತ್ರಗಳು ಹೀಗೆ ಕೀ ಕೇಳುತ್ತ ನಿಂತವೆಂದು ಮೈಕ್ರೋಸಾಫ್ಟೇ ಒಪ್ಪಿಕೊಂಡಿತು. ಕೀ ಕಳೆದುಹೋದರೆ ಅದನ್ನು ಮತ್ತೆ ಸೃಷ್ಟಿಸಿಕೊಡಲು ಕಂಪನಿಯಿಂದಲೂ ಆಗದು. ಡಿಸ್ಕ್ ಆರೋಗ್ಯವಾಗಿಯೇ ಇರುತ್ತದೆ, ಒಂದು ಅಕ್ಷರವೂ ಅಳಿಸಿರುವುದಿಲ್ಲ, ಆದರೂ ಎಲ್ಲವೂ ಹೋದಂತೆಯೇ.

ಎನ್‌ಕ್ರಿಪ್ಶನ್ ಬೇಡವೆಂದು ನಾವು ಹೇಳುತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಲ್ಯಾಪ್‌ಟಾಪ್ ಕಳೆದುಕೊಂಡವರ ಬ್ಯಾಂಕ್ ವಿವರ, ಆಧಾರ್ ಪ್ರತಿ, ಮನೆಯ ಚಿತ್ರಗಳು ಕಂಡವರ ಕೈಸೇರದಂತೆ ಕಾಯುವುದು ಅದೇ. ತಪ್ಪಿರುವುದು ಅದನ್ನು ಮಾಡಿದ ರೀತಿಯಲ್ಲಿ. ನಿಮ್ಮ ಡಿಸ್ಕಿಗೆ ಬೀಗ ಬಿತ್ತು, ಇದರ ಕೀ ಇಲ್ಲಿದೆ, ಬರೆದಿಟ್ಟುಕೊಳ್ಳಿ ಎಂದು ಮಾಲೀಕನ ಮುಖಕ್ಕೆ ಹೇಳದೆ ಹಿನ್ನೆಲೆಯಲ್ಲಿ ಮುಗಿಸಿಬಿಡುವುದು ಸರಿಯಲ್ಲ.

ಕೀ ಎಲ್ಲಿರುತ್ತದೆ? ಯಂತ್ರವನ್ನು ಮೊದಲು ಸಿದ್ಧಪಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿ. ನಮ್ಮ ಊರುಗಳಲ್ಲಿ ಅಪಾಯ ಹುಟ್ಟುವುದೇ ಇಲ್ಲಿಂದ. ಇಮೇಲ್ ಇಲ್ಲದ ಗಿರಾಕಿಗೆ ಅಂಗಡಿಯ ಹುಡುಗ ಆ ಕ್ಷಣಕ್ಕೊಂದು ಖಾತೆ ಮಾಡಿಕೊಡುತ್ತಾನೆ, ಇಲ್ಲವೇ ತನ್ನದೇ ಖಾತೆಯಿಂದ ಲಾಗಿನ್ ಆಗಿ ಕೆಲಸ ಮುಗಿಸುತ್ತಾನೆ. ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಎರಡು ವರ್ಷದ ನಂತರ ಯಂತ್ರ ಕೈಕೊಟ್ಟಾಗ ನಿವೃತ್ತ ಮೇಷ್ಟ್ರೊಬ್ಬರ ಆತ್ಮಕಥೆಯ ಕೀ ಯಾರದೋ ಮರೆತ ಖಾತೆಯೊಳಗಿರುತ್ತದೆ. ಕಚೇರಿಯ ಲ್ಯಾಪ್‌ಟಾಪ್ ಆದರೆ ಕೀ ಸಂಸ್ಥೆಯ ಐಟಿ ವಿಭಾಗದವರ ಬಳಿ ಇರಬಹುದು. ಆ ವಿಭಾಗವೇ ಇಲ್ಲದ ಸಣ್ಣ ಸಂಸ್ಥೆಯಲ್ಲಿ, ಬಿಟ್ಟುಹೋದ ನೌಕರನ ಖಾತೆಯಲ್ಲಿ. ಆದ್ದರಿಂದ ಯಂತ್ರ ಚೆನ್ನಾಗಿರುವಾಗಲೇ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ಅಂಡ್ ಸೆಕ್ಯುರಿಟಿ ತೆರೆದು ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಆ ಯಂತ್ರದ ರಿಕವರಿ ಕೀ ಕಾಣಿಸುತ್ತದೆಯೇ ಪರೀಕ್ಷಿಸಿ, ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆ ಇಡಿ. ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಉಳಿಸಿಟ್ಟ ಕೀಯಿಂದ ಪ್ರಯೋಜನವಿಲ್ಲ.

ಇದು ಬರೀ ಸಣ್ಣ ಊರಿನ, ಸಣ್ಣ ಜನರ ತೊಂದರೆಯೂ ಅಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷದ ಫೈಲು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರ ತೀರ ಸರಳವಾಗಿತ್ತು: ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲನ್ನು ಅಳಿಸುವುದು. ಆದರೆ ಎನ್‌ಕ್ರಿಪ್ಟ್ ಆದ ಯಂತ್ರಗಳು ಅಲ್ಲಿಗೆ ತಲುಪುವ ಮೊದಲೇ 48 ಅಂಕಿ ಕೇಳಿದವು. ಕೀಗಳನ್ನು ಜೋಡಿಸಿಟ್ಟ ಸರ್ವರೇ ಕೆಟ್ಟು ನಿಂತಿದ್ದ ಕಡೆ, ಕೆಲವು ನಿಮಿಷದ ಕೆಲಸ ದಿನಗಟ್ಟಲೆ ಎಳೆಯಿತು. ದೊಡ್ಡ ತಂಡಗಳಿದ್ದ ಸಂಸ್ಥೆಗಳೇ ಹೀಗೆ ಒದ್ದಾಡಿದ ಮೇಲೆ ಒಂಟಿ ಲ್ಯಾಪ್‌ಟಾಪ್ ಇಟ್ಟುಕೊಂಡವರ ಪಾಡನ್ನು ಊಹಿಸಬಹುದು.

ಇನ್ನೊಂದು ಹಳೆಯ ಭರವಸೆಯೂ ಕುಸಿದಿದೆ. ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕಿನಿಂದಲೂ ರಿಕವರಿ ಸಾಫ್ಟ್‌ವೇರ್ ಬಳಸಿ ಫೈಲು ತೆಗೆಯಬಹುದಿತ್ತು, ಏಕೆಂದರೆ ಅಲ್ಲಿ ಅಳಿಸುವುದೆಂದರೆ ಬಹುಮಟ್ಟಿಗೆ ಪಟ್ಟಿಯಿಂದ ಹೆಸರು ತೆಗೆಯುವುದಷ್ಟೇ. ಮೇಲೆ ಬೇರೇನಾದರೂ ಬರೆಯುವ ತನಕ ಮೂಲ ಅಲ್ಲೇ ಇರುತ್ತಿತ್ತು. ಈಗಿನ ಎಸ್‌ಎಸ್‌ಡಿಗಳು ಹಾಗಲ್ಲ. ಫೈಲು ಅಳಿಸಿದೊಡನೆ ವಿಂಡೋಸ್ ಟ್ರಿಮ್ ಎಂಬ ಆದೇಶ ಕಳಿಸುತ್ತದೆ, ಡ್ರೈವ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ಖಾಲಿ ಮಾಡುತ್ತದೆ. ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಅಲ್ಲಿ ಹುಡುಕುವುದಾದರೂ ಏನನ್ನು?

ಹೀಗಾಗಿ ಯಂತ್ರ ಕೆಟ್ಟ ಮೊದಲ ಒಂದು ಗಂಟೆಯ ನಡವಳಿಕೆಯೇ ಬಹಳಷ್ಟನ್ನು ತೀರ್ಮಾನಿಸುತ್ತದೆ. ಫಾರ್ಮ್ಯಾಟ್ ಎಂಬ ಮಾತು ಮೊದಲು ಬರಬಾರದು. ವಿಂಡೋಸ್ ತಾನಾಗಿ ತೋರಿಸುವ ರಿಪೇರಿ, ಸೇಫ್ ಮೋಡ್, ಕೊನೆಯದಾಗಿ ಬಂದ ಅಪ್‌ಡೇಟನ್ನು ತೆಗೆಯುವುದು, ಸಿಸ್ಟಂ ರಿಸ್ಟೋರ್: ಮೊದಲು ಇವು. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಇವೂ ಬೇಡ, ಆಫ್ ಮಾಡಿ. ಒಂದೊಂದು ಪ್ರಯತ್ನವೂ ಹಾನಿಯನ್ನು ಹೆಚ್ಚಿಸುತ್ತದೆ. ವಿಂಡೋಸ್ ಏಳದಿದ್ದರೆ ಪೆನ್ ಡ್ರೈವ್‌ನಿಂದ ಉಬುಂಟುವಿನಂಥ ಲಿನಕ್ಸ್ ಚಾಲೂ ಮಾಡಿ, ಡಿಸ್ಕಿನ ಫೈಲುಗಳನ್ನು ಹೊರಗಿನ ಡ್ರೈವ್‌ಗೆ ತೆಗೆದುಕೊಳ್ಳಬಹುದು. ಡಿಸ್ಕಿಗೆ ಬೀಗ ಬಿದ್ದಿದ್ದರೆ ಅಲ್ಲಿಯೂ ಅದೇ ಕೀ ಬೇಕು. ರೀಸೆಟ್ ಮಾಡುವುದು ಇದೆಲ್ಲ ಆದ ಮೇಲೆ. ಅಲ್ಲಿ ‘ಕೀಪ್ ಮೈ ಫೈಲ್ಸ್’ ಎಂದರೆ ನಿಮ್ಮ ಫೈಲುಗಳು ಉಳಿಯುತ್ತವೆ, ನೀವು ಹಾಕಿಸಿಕೊಂಡ ಪ್ರೋಗ್ರಾಂಗಳು ಹೋಗುತ್ತವೆ. ಈ ಎರಡನೆಯ ಮಾತನ್ನು ಅಂಗಡಿಯವರು ಹೇಳುವುದು ಕಡಿಮೆ.

ಪ್ರೋಗ್ರಾಂಗಳ ಕಥೆಯೇ ಬೇರೆ. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಟ್ಟುಕೊಂಡರೂ ಹೆಚ್ಚಿನವು ಹೊಸ ವಿಂಡೋಸ್‌ನಲ್ಲಿ ಓಡುವುದಿಲ್ಲ, ಅವುಗಳ ಬೇರು ವಿಂಡೋಸ್‌ನ ರಿಜಿಸ್ಟ್ರಿಯೊಳಗೆ ಹರಡಿರುತ್ತದೆ. ಮತ್ತೆ ಇನ್‌ಸ್ಟಾಲ್ ಮಾಡಲೇಬೇಕು, ಅದಕ್ಕೆ ಸೀರಿಯಲ್ ನಂಬರ್, ಲೈಸೆನ್ಸ್, ಅದನ್ನು ಕೊಂಡಾಗ ಕೊಟ್ಟ ಇಮೇಲ್ ಬೇಕು. ಇದರ ಜೊತೆಗೆ ಪ್ರೋಗ್ರಾಂ ತನ್ನ ದತ್ತಾಂಶವನ್ನು ಎಲ್ಲಿಡುತ್ತದೆ ಎಂಬುದನ್ನು ತಿಳಿದಿರುವವರು ವಿರಳ. ಲೆಕ್ಕ ಬರೆಯುವ ಟ್ಯಾಲಿಯನ್ನೇ ನೋಡಿ. ಹಳೆಯ ಟ್ಯಾಲಿ ಇಆರ್‌ಪಿ 9ರ ಲೆಕ್ಕಗಳು ಸಿ ಡ್ರೈವಿನಲ್ಲಿ ಅದರ ಸ್ವಂತ ಫೋಲ್ಡರಿನ ಡೇಟಾ ಎಂಬ ಒಳಫೋಲ್ಡರಿನಲ್ಲಿ, ಕಂಪನಿಯ ಹೆಸರಿಲ್ಲದೆ 10000 ಎಂಬಂಥ ಸಂಖ್ಯೆಯ ಹೆಸರಿನಲ್ಲಿ ಕುಳಿತಿರುತ್ತವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡನ್ನೂ ಕಾಪಿ ಮಾಡಿಕೊಂಡೆ ಎಂದು ನೆಮ್ಮದಿಯಿಂದ ಫಾರ್ಮ್ಯಾಟ್ ಹೊಡೆದರೆ ಒಂದು ಅಂಗಡಿಯ ಇಡೀ ವರ್ಷದ ಜಿಎಸ್‌ಟಿ ಲೆಕ್ಕ ಹೋಗುತ್ತದೆ.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ಪೆಟ್ಟೂ ಕಾದಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳಲ್ಲಿ, ಯುನಿಕೋಡ್ ಅಲ್ಲದ ರೂಪದಲ್ಲಿ ಟೈಪಿಸಿದ ಪುಟಗಳು ನಮ್ಮ ಮುದ್ರಣಾಲಯಗಳಲ್ಲಿ ರಾಶಿ ಬಿದ್ದಿವೆ. ಡಿಸ್ಕ್ ಉಳಿದು, ಫೈಲು ಉಳಿದು, ಫಾಂಟ್ ಮಾತ್ರ ಹೋದರೆ ತೆರೆದ ಪುಟದಲ್ಲಿ ಕನ್ನಡ ಕಾಣುವುದಿಲ್ಲ, ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಪುಟ ವಿನ್ಯಾಸದ ಪೇಜ್‌ಮೇಕರ್ ತಂತ್ರಾಂಶದ ಕಡತಗಳದು ಇನ್ನೂ ಕಷ್ಟ: ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅದಿನ್ನೂ ಓಡುತ್ತಿರುವ ಹಳೆಯ ಯಂತ್ರ ಎಷ್ಟು ದಿನ ಉಸಿರಾಡೀತು? ಅದು ಇರುವಾಗಲೇ ಪುಸ್ತಕಗಳನ್ನು ಪಿಡಿಎಫ್ ಮಾಡಿಟ್ಟು, ಪಠ್ಯವನ್ನು ಯುನಿಕೋಡ್‌ಗೆ ಬದಲಿಸಿ, ಫಾಂಟ್ ಫೈಲುಗಳನ್ನೂ ಬೇರೆಡೆ ಇಡಬೇಕು. ಲೇಖಕ ತೀರಿಹೋಗಿರುವ, ಹಸ್ತಪ್ರತಿ ಇಲ್ಲದ, ಮರುಮುದ್ರಣ ಕಾಣದ ಎಷ್ಟು ಕನ್ನಡ ಪುಸ್ತಕಗಳ ಏಕೈಕ ಮೂಲ ಇಂಥ ಯಂತ್ರಗಳಲ್ಲಿದೆಯೋ ಎಂದು ನೆನೆದರೆ ಎದೆ ಭಾರವಾಗುತ್ತದೆ.

ಎಲ್ಲ ಕ್ಲೌಡ್‌ನಲ್ಲಿದೆ ಎನ್ನುವವರಿಗೂ ಒಂದು ಮಾತು. ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳ ಸಿಂಕ್ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಅಲ್ಲಿನ ಕಸದ ಬುಟ್ಟಿಯಲ್ಲಿ ಕೆಲವು ದಿನ ಮಾತ್ರ ಇರುತ್ತದೆ. ಕಾಪಿ ಮಾಡಿ, ಕೇಬಲ್ ಕಿತ್ತು, ಬೇರೆ ಕಡೆ ಇಟ್ಟ ಹೊರಗಿನ ಡಿಸ್ಕ್ ಒಂದಾದರೂ ಇರಬೇಕು. ಆರು ತಿಂಗಳಿಗೊಮ್ಮೆ ಅದರಿಂದ ಒಂದೆರಡು ಫೈಲು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ, ಕಚೇರಿ, ಶಾಲೆಗಳಲ್ಲಿ ಹಳೆಯ ಯಂತ್ರಗಳ ಜಾಗಕ್ಕೆ ಹೊಸವು ಬರುತ್ತಿವೆ, ಬೀಗ ಬಿದ್ದ ಡಿಸ್ಕುಗಳೂ ಅವುಗಳ ಜೊತೆಗೇ ಬರುತ್ತಿವೆ. ಇವು ಕೆಡಲು ಶುರುವಾಗುವ ತನಕ ನಮಗೆ ಒಂದೆರಡು ವರ್ಷದ ಬಿಡುವಿದೆ. ಮಾರುವ ಅಂಗಡಿ ಬಿಲ್ಲಿನ ಜೊತೆಗೆ ಗಿರಾಕಿಯ ಸ್ವಂತ ಖಾತೆಯ ಹೆಸರು ಮತ್ತು ರಿಕವರಿ ಕೀ ಇರುವ ಹಾಳೆಯನ್ನೂ ಕೊಡಲಿ, ತನ್ನ ಬಳಿ ಪ್ರತಿ ಉಳಿಸಿಕೊಳ್ಳದಿರಲಿ. ಗುತ್ತಿಗೆಯ ಆಪರೇಟರುಗಳು ಬದಲಾಗುತ್ತಲೇ ಇರುವ ಪಂಚಾಯಿತಿ, ಶಾಲೆ, ಸಹಕಾರ ಸಂಘಗಳಲ್ಲಿ ಪ್ರತಿ ಯಂತ್ರದ ಕೀಯನ್ನೂ ದಾಸ್ತಾನು ಪುಸ್ತಕದಷ್ಟೇ ಕಟ್ಟುನಿಟ್ಟಾಗಿ ಒಂದು ರಿಜಿಸ್ಟರಿನಲ್ಲಿ ಬರೆದು, ಕಚೇರಿಯ ಮುಖ್ಯಸ್ಥರ ಬೀರುವಿನಲ್ಲಿಡುವಂತೆ ಇಲಾಖೆಗಳು ಆದೇಶ ಹೊರಡಿಸಲಿ. ಈ ಆದೇಶಕ್ಕೆ ಹೊಸ ಅನುದಾನವೂ ಬೇಡ, ಟೆಂಡರೂ ಬೇಡ.