ದರ ಕೇಳಲು ನಾಚಿಕೆಯೇಕೆ?

ನಮ್ಮವರು ಲೆಕ್ಕದಲ್ಲಿ ಹಿಂದೆ ಎಂದು ಯಾರೂ ಹೇಳಲಾರರು. ಕಾಂದಿವಲಿ ಸ್ಟೇಷನ್ನಿನ ಹೊರಗೆ ಬದನೆಕಾಯಿಗೆ ಎರಡು ರೂಪಾಯಿ ಹೆಚ್ಚು ಹೇಳಿದರೆ ಮುಂದಿನ ಗಾಡಿಗೆ ನಡೆಯುತ್ತೇವೆ. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಲಿಫ್ಟ್ ರಿಪೇರಿಯ ಬಿಲ್ಲು ಹಿಡಿದು ಅರ್ಧ ಗಂಟೆ ವಾದಿಸುತ್ತೇವೆ. ಮದುವೆಯ ಹಾಲ್ ಗೊತ್ತುಮಾಡುವಾಗ ನೀರಿಗೆ ಎಷ್ಟು, ವಿದ್ಯುತ್ತಿಗೆ ಎಷ್ಟು, ಪಾತ್ರೆ ತೊಳೆಯುವುದಕ್ಕೆ ಎಷ್ಟು ಎಂದು ಬಿಡಿಸಿ ಬಿಡಿಸಿ ಕೇಳಿ ಬರೆಯಿಸಿಕೊಳ್ಳುತ್ತೇವೆ. ಇಂಥ ನಾವೇ, ಮದುವೆಯಾಗಿ ಆರೇಳು ವರ್ಷ ಕಳೆದು, ಮಕ್ಕಳಾಗದೆ ಸಂತಾನ ಚಿಕಿತ್ಸಾಲಯದ ಮೆಟ್ಟಿಲು ಹತ್ತಿದಾಗ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತೇವೆ. ಮೂರು ಲಕ್ಷ ರೂಪಾಯಿಯ ವ್ಯವಹಾರಕ್ಕೆ ಮೂರು ಸಾಲಿನ ಕಾಗದವನ್ನೂ ಕೇಳುವುದಿಲ್ಲ. ಯಾಕೆ?

ನಾಚಿಕೆ, ಅಷ್ಟೆ. ಬೇರೆ ಕಾರಣವಿಲ್ಲ. ನಾವು ಅಲ್ಲಿಗೆ ಕದ್ದು ಹೋಗುತ್ತೇವೆ. ಕದ್ದು ಹೋದವನು ದರ ಕೇಳಲಾರ, ಜಗಳವಾಡಲಾರ, ಮೋಸವಾದರೆ ಇನ್ನೊಬ್ಬನಿಗೆ ಹೇಳಲಾರ. ನಮ್ಮ ಈ ಮೌನವೇ ಅಂಥ ಚಿಕಿತ್ಸಾಲಯಗಳ ಬಂಡವಾಳವಾಗಿದೆ ಎಂಬುದೇ ಈ ಲೇಖನದ ಆರೋಪ.

ಈ ಶಾಸ್ತ್ರ ನಮ್ಮ ನಗರದಲ್ಲಿ ಹುಟ್ಟಿದ್ದು ಹೀಗಲ್ಲ. 1986ರ ಆಗಸ್ಟ್ 6ರಂದು ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಪ್ರನಾಳ ಶಿಶುವೊಂದು ಜನಿಸಿತು. ಡಾ. ಇಂದಿರಾ ಹಿಂದೂಜಾ ಅವರೂ, ಪರೇಲಿನಲ್ಲೇ ಇದ್ದ ಸರಕಾರಿ ಸಂತಾನೋತ್ಪತ್ತಿ ಸಂಶೋಧನ ಸಂಸ್ಥೆಯ ಡಾ. ಟಿ. ಸಿ. ಆನಂದ ಕುಮಾರ್ ಅವರೂ ಸೇರಿ ಮಾಡಿದ ಕೆಲಸ ಅದು. ಕೆ.ಇ.ಎಂ. ಯಾರದು? ಮಹಾನಗರಪಾಲಿಕೆಯದು. ನಾವು ನೀವು ಕಟ್ಟುವ ತೆರಿಗೆಯಿಂದ ನಡೆಯುವ, ಗಿರಣಿ ಕಾರ್ಮಿಕರ ಹೆಂಡಂದಿರು ಸಾಲಿನಲ್ಲಿ ನಿಂತ ಆಸ್ಪತ್ರೆ. ಅಲ್ಲಿ ಬೆಳಕು ಕಂಡ ವಿದ್ಯೆ ಇಂದು ಉಪನಗರಗಳ ಗಾಜಿನ ಕಟ್ಟಡಗಳಲ್ಲಿ ಕುಳಿತಿದೆ. ಎಸ್.ವಿ. ರೋಡಿನಲ್ಲಿ ಆಟೋಗಳ ಬೆನ್ನು ನೋಡಿ, ಮೆಟ್ರೋ ಕಂಬಗಳನ್ನು ನೋಡಿ. ನಗುವ ಕೂಸು, "ಮೊದಲ ಭೇಟಿ ಉಚಿತ", "ಬಡ್ಡಿಯಿಲ್ಲದ ಕಂತು" ಎಂಬ ಮಾತು! ದರ ಮಾತ್ರ ಇರುವುದಿಲ್ಲ. ಇದ್ದರೆ ಅದರ ತಲೆಯ ಮೇಲೊಂದು ನಕ್ಷತ್ರ ಚಿಹ್ನೆ, ಅದರ ಅರ್ಥ ಓದಲು ಭೂತಗನ್ನಡಿ ಬೇಕು.

ನಕ್ಷತ್ರದ ಅರ್ಥ ತಿಳಿಯದೆ ಹೋದ ನಮ್ಮ ಪರಿಚಯದ ದಂಪತಿಗಳ ಲೆಕ್ಕವನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ಚಿಕಿತ್ಸಾಲಯದ ಹೆಸರು ಬೇಡ. ಅದೊಂದೇ ಹೀಗೆಂದು ಯಾರೂ ತಿಳಿಯಬಾರದು. ಮೊದಲ ದಿನ ಹೇಳಿದ "ಪ್ಯಾಕೇಜು" 1,25,000 ರೂಪಾಯಿ. ಆಮೇಲೆ, ಅಂಡಾಶಯವನ್ನು ಪ್ರಚೋದಿಸುವ ಇಂಜೆಕ್ಷನ್ನುಗಳು ಅದರಲ್ಲಿ ಸೇರಿಲ್ಲವೆಂದು ತಿಳಿಯಿತು: 82,000. ಅಂಡಗಳನ್ನು ಹೊರತೆಗೆಯುವ ಹಿಂದಿನ ಸಂಜೆ, ಗಂಡನ ವೀರ್ಯದ ಗುಣ ಸಾಲದು, ಒಂದೊಂದು ಅಂಡಕ್ಕೂ ಸೂಜಿಯಿಂದ ವೀರ್ಯಾಣು ಸೇರಿಸುವ 'ಇಕ್ಸಿ' ವಿಧಾನ ಬೇಕೆಂದರು: 35,000. ಭ್ರೂಣಗಳನ್ನು ಶೈತ್ಯದಲ್ಲಿ ಇಡಲು 25,000. ಎರಡು ತಿಂಗಳ ಮೇಲೆ ಅವನ್ನು ಗರ್ಭಕೋಶಕ್ಕೆ ಸೇರಿಸಲು 45,000. ಒಟ್ಟು 3,12,000. ಗರ್ಭ ನಿಲ್ಲಲಿಲ್ಲ. ಜಿ.ಪಿ.ಎಫ್. ಖಾಲಿ, ಹೆಂಡತಿಯ ಬಳೆಗಳು ಅಡವು.

ಗರ್ಭ ನಿಲ್ಲದಿದ್ದುದಕ್ಕೆ ವೈದ್ಯರನ್ನು ದೂರಬೇಕಾಗಿಲ್ಲ; ಅದು ಯಾರ ಕೈಯಲ್ಲೂ ಇಲ್ಲ. ಆ ಖರ್ಚುಗಳೂ ಅನಾವಶ್ಯಕವೆಂದು ನಾನು ಹೇಳಲಾರೆ. ನನ್ನ ಆಕ್ಷೇಪ ಅವನ್ನು ಹೇಳಿದ ಹೊತ್ತಿನ ಬಗ್ಗೆ. ವೀರ್ಯ ಪರೀಕ್ಷೆಯ ವರದಿ ಮೊದಲ ವಾರದಿಂದಲೂ ಅವರ ಫೈಲಿನಲ್ಲಿತ್ತು. ಹೇಳಿದ್ದು ಹತ್ತು ದಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಅಂಡಗಳು ಬಲಿತ ಮೇಲೆ. ಆಗ "ಬೇಡ" ಎನ್ನುವ ಧೈರ್ಯ ಯಾವ ಹೆಣ್ಣಿಗಿದೆ? ನಡುನೀರಿನಲ್ಲಿ ದೋಣಿಯ ಬಾಡಿಗೆ ಹೇಳುವ ಅಂಬಿಗನಿಗೂ ಇವರಿಗೂ ಏನು ವ್ಯತ್ಯಾಸ?

ಇದಕ್ಕೆ ಕಾನೂನಿಲ್ಲವೇ ಎಂದು ಕೇಳಬಹುದು. ಬೇಕಾದಷ್ಟಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನೀತಿ ನಿಯಮಗಳು, ವೈದ್ಯನು ತನ್ನ ಶುಲ್ಕವನ್ನು ಚಿಕಿತ್ಸೆಗೆ ಮೊದಲೇ ಹೇಳಬೇಕು, ಚಿಕಿತ್ಸೆ ನಡೆಯುತ್ತಿರುವಾಗ ಅಲ್ಲ ಎಂದು ಸ್ಪಷ್ಟವಾಗಿ ವಿಧಿಸುತ್ತವೆ. ಶುಲ್ಕವನ್ನು ಫಲಕದಲ್ಲಿ ಬರೆದು ತೂಗುಹಾಕಬೇಕೆಂದೂ ಹೇಳುತ್ತವೆ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆ 2021ರಲ್ಲಿ ಅಂಗೀಕಾರವಾಗಿ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರಂತೆ ಚಿಕಿತ್ಸಾಲಯ ನೋಂದಾಯಿತವಾಗಿರಬೇಕು. ಚಿಕಿತ್ಸೆಯ ಸಾಧ್ಯತೆ, ಅನುಕೂಲ, ಅಪಾಯ ಇವುಗಳ ಜೊತೆಗೆ ವೆಚ್ಚವನ್ನೂ ದಂಪತಿಗಳಿಗೆ ತಿಳಿಸಬೇಕು. ದತ್ತು ಸ್ವೀಕಾರದ ದಾರಿಯೂ ಇದೆಯೆಂದು ಹೇಳಬೇಕು. ದೂರು ಕೇಳುವ ವ್ಯವಸ್ಥೆ ಇಟ್ಟಿರಬೇಕು. ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮುಂಚೆ ಯಾವಾಗ ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ದಂಪತಿಗಳಿಗಿದೆ. ಇನ್ನು, ಈ ಚಿಕಿತ್ಸಾ ಸೇವೆಗೆ ಜಿ.ಎಸ್.ಟಿ. ಇಲ್ಲವೆಂದು 2022ರ ಆಗಸ್ಟ್ 3ರ ಸುತ್ತೋಲೆ ಸ್ಪಷ್ಟಪಡಿಸಿದೆ. ಬಿಲ್ಲಿನಲ್ಲಿ ಸೇವೆಗೆಂದು ತೆರಿಗೆ ಕಂಡರೆ ಬೆರಳಿಟ್ಟು ಕೇಳಿ. ಕಾನೂನು ನಮ್ಮ ಪಕ್ಷದಲ್ಲಿದೆ. ನಾವೇ ನಮ್ಮ ಪಕ್ಷದಲ್ಲಿಲ್ಲ.

ನಮ್ಮಂಥ ಕೇಂದ್ರ ಸರಕಾರಿ ನೌಕರರ ವಿಷಯ ಇನ್ನೂ ಸೋಜಿಗದ್ದು. ಸಿ.ಜಿ.ಎಚ್.ಎಸ್. ಮತ್ತು ವೈದ್ಯಕೀಯ ಪರಿಚರ್ಯೆ ನಿಯಮಗಳಡಿ 2011ರ ನವೆಂಬರಿನ ಆದೇಶವೊಂದು, ಮಕ್ಕಳಿಲ್ಲದ ನೌಕರರಿಗೆ ಐ.ವಿ.ಎಫ್. ವೆಚ್ಚವನ್ನು ಮರುಪಾವತಿ ಮಾಡಲು ಒಪ್ಪಿತು. ಆವರ್ತನೆಯೊಂದಕ್ಕೆ 65,000 ರೂಪಾಯಿ ಅಥವಾ ನಿಜವಾದ ಖರ್ಚು, ಎರಡರಲ್ಲಿ ಕಡಿಮೆಯಾದದ್ದು. ಹೆಚ್ಚೆಂದರೆ ಮೂರು ಆವರ್ತನೆ. ಪತ್ನಿಯ ವಯಸ್ಸು 21ರಿಂದ 39. ಸರಕಾರಿ ವೈದ್ಯಕೀಯ ಸಂಸ್ಥೆಯ ಸ್ತ್ರೀರೋಗ ವಿಭಾಗದ ಮುಖ್ಯಸ್ಥರ ಸಲಹೆಯ ಮೇಲೆ ಪೂರ್ವಾನುಮತಿ. ಇತ್ತೀಚಿನ ತಿದ್ದುಪಡಿಗಳನ್ನು ನೋಡಿಕೊಂಡೇ ಅರ್ಜಿ ಹಾಕಬೇಕು, ಅದು ಬೇರೆ ಮಾತು. ಆದರೆ ಅರ್ಜಿ ಹಾಕುವವರೆಲ್ಲಿ? ವೈದ್ಯಕೀಯ ಬಿಲ್ಲುಗಳು ಹಾದುಹೋಗುವ ಮೇಜಿನ ಹಿಂದೆ ವರ್ಷಗಟ್ಟಲೆ ಕುಳಿತ ನಾನು ಹಲ್ಲು, ಕಣ್ಣು, ಮೊಣಕಾಲು, ಹೃದಯ ಎಲ್ಲವನ್ನೂ ಕಂಡಿದ್ದೇನೆ; ಇದೊಂದನ್ನು ಕಂಡದ್ದು ಬಹಳ ವಿರಳ. ಫೈಲು ಐದು ಮೇಜು ಹತ್ತಿ ಇಳಿಯಬೇಕು, ಐದು ಜನರಿಗೆ ವಿಷಯ ಗೊತ್ತಾಗುತ್ತದೆ, ಅದಕ್ಕೆ. ಹೀಗೆ ಮೂರು ಆವರ್ತನೆಗೆ 1,95,000 ರೂಪಾಯಿಯನ್ನು ನಾಚಿಕೆಗಾಗಿ ಬಿಟ್ಟುಕೊಟ್ಟು, ಅದೇ ಹಣವನ್ನು ಬಡ್ಡಿಗೆ ತರುತ್ತೇವೆ! ಇನ್ನೊಂದು ಮಾತು: ಬಾಬತ್ತುಗಳನ್ನು ಬಿಡಿಸಿ ಬರೆಯದ ಬಿಲ್ಲನ್ನು ನಮ್ಮ ಇಲಾಖೆ ಹಿಂದಿರುಗಿಸುತ್ತದೆ. ಸರಕಾರಕ್ಕೆ ಬಿಲ್ಲೆನಿಸದ ಕಾಗದ ನಿಮಗೇಕೆ ಬಿಲ್ಲೆನಿಸಬೇಕು?

"ಪ್ರತಿಯೊಂದು ದೇಹವೂ ಬೇರೆ, ಮುಂಚೆಯೇ ದರ ಹೇಳಲಾಗದು" ಎಂಬುದು ಅವರ ಸಮಜಾಯಿಷಿ. ಅರ್ಧ ನಿಜ. ಎಷ್ಟು ಇಂಜೆಕ್ಷನ್ ಬೇಕಾದೀತು ಎಂಬುದು ವಯಸ್ಸು, ಅಂಡಾಶಯದ ಶಕ್ತಿ ಇವುಗಳ ಮೇಲೆ ನಿಂತಿದೆ. ಆದರೆ ಒಂದು ಇಂಜೆಕ್ಷನ್ನಿನ ಬೆಲೆ ದೇಹದಿಂದ ದೇಹಕ್ಕೆ ಬದಲಾಗುತ್ತದೆಯೇ? ಇಕ್ಸಿಯ ದರ, ಅರಿವಳಿಕೆಯ ದರ, ಶೈತ್ಯಪೆಟ್ಟಿಗೆಯ ವಾರ್ಷಿಕ ಬಾಡಿಗೆ ಬದಲಾಗುತ್ತವೆಯೇ? ಇಷ್ಟರಿಂದ ಇಷ್ಟರೊಳಗೆ ಎಂದು ಬರೆದುಕೊಡಲು ಏನಡ್ಡಿ? ಈ ಮುಂಬಯಿಗೆ ದರದ ಫಲಕವೆಂದರೇನೆಂದು ತೋರಿಸಿದವರಲ್ಲಿ ನಮ್ಮ ಉಡುಪಿ ಹೋಟೆಲಿನವರೂ ಇದ್ದಾರೆ. ಗಿರಾಕಿ ಎಷ್ಟು ಇಡ್ಲಿ ತಿನ್ನುತ್ತಾನೆಂದು ಅವರಿಗೂ ಮೊದಲೇ ಗೊತ್ತಿರಲಿಲ್ಲ. ಒಂದು ಪ್ಲೇಟಿನ ದರವನ್ನು ಗೋಡೆಯ ಮೇಲೆ ಬರೆದೇ ಇದ್ದರು.

"ಮಗುವಿಗೆ ಬೆಲೆ ಕಟ್ಟುತ್ತೀರಾ?" ಎನ್ನುವವರು ಇನ್ನು ಕೆಲವರು, ಇವರು ಹೆಚ್ಚಾಗಿ ನಮ್ಮ ಮನೆಯ ಹಿರಿಯರೇ. ಅವರಲ್ಲಿ ವಿನಯದಿಂದ ಕೇಳುತ್ತೇನೆ. ಸಂತಾನಾಪೇಕ್ಷೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರಲ್ಲವೇ ನೀವು? ಆಶ್ಲೇಷಾ ಬಲಿಗೆ ಎಷ್ಟು, ಸರ್ಪಸಂಸ್ಕಾರಕ್ಕೆ ಎಷ್ಟು ಎಂದು ಅಲ್ಲಿ ಸೇವಾಪಟ್ಟಿಯಿದೆ. ಹಣ ಕೊಟ್ಟರೆ ರಶೀದಿ ಕೊಡುತ್ತಾರೆ. ಅದರಿಂದ ದೇವರ ಮಹಿಮೆಗೆ ಕುಂದಾಯಿತೇ? ದೇವರ ಸನ್ನಿಧಿಯಲ್ಲಿ ಇರುವ ದರಪಟ್ಟಿ ಡಾಕ್ಟರ ಸನ್ನಿಧಿಯಲ್ಲಿ ಏಕಿರಬಾರದು?

ಇನ್ನು "ಶೇಕಡಾ ಇಷ್ಟು ಯಶಸ್ಸು" ಎಂಬ ಜಾಹೀರಾತು. ಲೆಕ್ಕ ತಿಳಿಸುವುದಕ್ಕಾಗಿ ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. 100 ಮಂದಿ ಚಿಕಿತ್ಸೆ ಶುರುಮಾಡಿದರು. 80 ಮಂದಿಗೆ ಭ್ರೂಣ ಸೇರಿಸಲಾಯಿತು. 40 ಮಂದಿಯ ರಕ್ತಪರೀಕ್ಷೆಯಲ್ಲಿ ಗರ್ಭದ ಲಕ್ಷಣ ಕಂಡಿತು. 28 ಮಂದಿ ಮಗುವನ್ನು ಎತ್ತಿಕೊಂಡು ಮನೆಗೆ ಹೋದರು. ಎಂಬತ್ತರಲ್ಲಿ ನಲವತ್ತು ಎಂದರೆ ಯಶಸ್ಸು ಶೇಕಡಾ 50. ನೂರರಲ್ಲಿ ಇಪ್ಪತ್ತೆಂಟು ಎಂದರೆ ಶೇಕಡಾ 28. ಎರಡೂ ಸುಳ್ಳಲ್ಲ, ಕಂಬದ ಮೇಲೆ ಯಾವುದು ಏರುತ್ತದೆಂದು ನೀವೇ ಊಹಿಸಿ. ಅದರಲ್ಲಿ 28ರ ಹುಡುಗಿಯರೆಷ್ಟು, 40ರ ಹೆಂಗಸರೆಷ್ಟು, ದಾನಿಯ ಅಂಡ ಪಡೆದವರೆಷ್ಟು ಎಂಬುದೂ ಬೇರೆ. ಬ್ರಿಟನ್ನಿನಲ್ಲಿ 1991ರಿಂದ ಈ ಚಿಕಿತ್ಸಾಲಯಗಳ ಮೇಲೊಂದು ಶಾಸನಬದ್ಧ ಪ್ರಾಧಿಕಾರವಿದ್ದು, ಒಂದೊಂದರಲ್ಲೂ ಎಷ್ಟು ಶಿಶುಗಳು ಜನಿಸಿದವೆಂಬ ಅಂಕಿಗಳನ್ನು ಸಾರ್ವಜನಿಕರ ಮುಂದಿಡುತ್ತದೆ. ಮುಖ್ಯ ಚಿಕಿತ್ಸೆಗೆ ಜೋಡಿಸಿ ಮಾರುವ "ಹೆಚ್ಚುವರಿ"ಗಳಲ್ಲಿ ಯಾವುದಕ್ಕೆ ಆಧಾರವಿದೆ, ಯಾವುದಕ್ಕಿಲ್ಲ ಎಂದು ಬಣ್ಣದ ಗುರುತನ್ನೂ ಹಾಕುತ್ತದೆ. ಗರ್ಭಕೋಶದ ಒಳಪದರವನ್ನು ಗೀರುವುದು ಅಂಥದೊಂದು ಹೆಚ್ಚುವರಿ. 2019ರಲ್ಲಿ ಪ್ರಕಟವಾದ, 1,364 ಮಹಿಳೆಯರ ಮೇಲೆ ನಡೆದ ಪರೀಕ್ಷೆಯಲ್ಲಿ ಅದರಿಂದ ಶಿಶುಜನನ ಹೆಚ್ಚಲಿಲ್ಲವೆಂದು ಕಂಡುಬಂತು.

ಹಾಗಾದರೆ ಒಳ್ಳೆಯ ಸೇವೆ ಯಾವುದು? ಹವಾನಿಯಂತ್ರಿತ ಹಾಲ್, ಪುಕ್ಕಟೆ ಕಾಫಿ, "ಮ್ಯಾಡಮ್" ಎಂಬ ಸಂಬೋಧನೆ ಸೇವೆಯಲ್ಲ. ಹೆಂಡತಿಗೆ ಒಂದು ಸೂಜಿ ಚುಚ್ಚುವ ಮೊದಲು ಗಂಡನ ವೀರ್ಯ ಪರೀಕ್ಷೆ ಮಾಡಿಸುವುದು ಸೇವೆ. ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆಂಬುದನ್ನು ವೈದ್ಯರು ಬಲ್ಲರು, ನಾವು ಮಾತ್ರ ಒಪ್ಪುವುದಿಲ್ಲ. ಎಂಟೂ ಹತ್ತರ ಲೋಕಲ್ ಹಿಡಿಯಬೇಕಾದ ಹೆಂಗಸಿಗೆ ಬೆಳಿಗ್ಗೆ ಏಳಕ್ಕೆ ಸ್ಕ್ಯಾನಿಂಗ್ ಮುಗಿಸಿ ಕಳಿಸುವುದು ಸೇವೆ. ರಾತ್ರಿ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟಿದರೆ ಫೋನು ಎತ್ತುವ ಡಾಕ್ಟರಿರುವುದು ಸೇವೆ. ಊರಿನಿಂದ ಹೊಸದಾಗಿ ಬಂದ ಹುಡುಗಿಗೆ ಇಂಗ್ಲಿಷಿನ ಒಪ್ಪಿಗೆ ಪತ್ರವನ್ನು ಅವಳಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಆಮೇಲೆ ಸಹಿ ಕೇಳುವುದು ಸೇವೆ. ಮತ್ತು "ಇನ್ನು ಸಾಕು, ಇದರಿಂದ ಪ್ರಯೋಜನವಿಲ್ಲ" ಎಂದು ಹೇಳಬಲ್ಲ ಪ್ರಾಮಾಣಿಕತೆ ಎಲ್ಲಕ್ಕಿಂತ ದೊಡ್ಡ ಸೇವೆ.

ಹೋಗುವಾಗ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಒಂದು: ನೋಂದಣಿ ಪತ್ರ ಎಲ್ಲಿದೆ, ಅವಧಿ ಮುಗಿದಿದೆಯೇ? ಎರಡು: ಹೇಳಿದ ಮೊತ್ತದಲ್ಲಿ ಇಂಜೆಕ್ಷನ್, ಸ್ಕ್ಯಾನಿಂಗ್, ಅರಿವಳಿಕೆ, ಇಕ್ಸಿ, ಶೈತ್ಯ ಸಂಗ್ರಹ, ಮುಂದಿನ ಭ್ರೂಣ ಸೇರಿಕೆ ಇವುಗಳಲ್ಲಿ ಯಾವುದು ಇದೆ, ಯಾವುದು ಇಲ್ಲ? ಮೂರು: ಅಂಡ ಸಿಗದೆ ಅಥವಾ ಭ್ರೂಣವಾಗದೆ ನಡುವೆ ನಿಂತರೆ ಎಷ್ಟು ಹಣ ಹಿಂದಕ್ಕೆ? ನಾಲ್ಕು: ನನ್ನ ಹೆಂಡತಿಯ ವಯಸ್ಸಿನ ಎಷ್ಟು ಮಂದಿ ಕಳೆದ ವರ್ಷ ಚಿಕಿತ್ಸೆ ಆರಂಭಿಸಿದರು, ಎಷ್ಟು ಮಂದಿಗೆ ಮಗುವಾಯಿತು? ಐದು: ನಮ್ಮ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡುತ್ತೀರಾ? ಈ ಕೊನೆಯದೂ 2002ರ ನಿಯಮದಲ್ಲೇ ಇದೆ. ಉತ್ತರಗಳನ್ನು ಬರೆದುಕೊಟ್ಟರೆ ಕುಳಿತುಕೊಳ್ಳಿ. "ನಂಬಿಕೆ ಇಡಿ" ಎಂದರೆ ಎದ್ದು ಬನ್ನಿ. ಸಂತಾನ ಚಿಕಿತ್ಸಾಲಯಗಳಿಗೆ ಈ ಉಪನಗರದಲ್ಲಿ ಬರಗಾಲವಿಲ್ಲ.

ಆದರೆ ಒಬ್ಬೊಬ್ಬರೇ ಕೇಳಿದರೆ ಸಾಲದು. ನಮ್ಮಲ್ಲಿ ಅಡುಗೆಯವರು ಬೇಕೆಂದರೆ ಐದು ವಿಳಾಸ ಸಿಗುತ್ತವೆ, ಪುರೋಹಿತರು ಬೇಕೆಂದರೆ ಹತ್ತು. ಯಾವ ಸಂತಾನ ಚಿಕಿತ್ಸಾಲಯದಲ್ಲಿ ಹೇಳಿದ ದರಕ್ಕೇ ಬಿಲ್ಲಾಯಿತು ಎಂದು ಕೇಳಿದರೆ ಎಲ್ಲರೂ ಚಾವಣಿ ನೋಡುತ್ತಾರೆ, ಅನುಭವವಿದ್ದವರೂ! ಸಂಘದ ಕಾರ್ಯಕಾರಿ ಸಮಿತಿ ಒಂದು ಕೆಲಸ ಮಾಡಲಿ. ಹೆಸರು ಅಳಿಸಿದ ಬಿಲ್ಲುಗಳನ್ನು ಸದಸ್ಯರಿಂದ ಸಂಗ್ರಹಿಸಿ, ಬಾಬತ್ತುವಾರು ದರವನ್ನು ಒಂದು ಹಾಳೆಯಲ್ಲಿ ಬರೆದು ಕಚೇರಿಯಲ್ಲಿ ಇಡಲಿ. ಪಾಲಿಕೆಯ ಆಸ್ಪತ್ರೆಯ ಸ್ತ್ರೀರೋಗ ತಜ್ಞರೊಬ್ಬರನ್ನು ಒಂದು ಭಾನುವಾರ ಕರೆಯಿಸಲಿ. ಗಂಡಸರೂ ಬಂದು ಮುಂದಿನ ಸಾಲಿನಲ್ಲಿ ಕೂರಲಿ. ಪ್ರತಿ ತಿಂಗಳು ವಧೂವರರ ಅಂಕಣಕ್ಕೆ ಎರಡು ಪುಟ ಕೊಡುವ ನಮ್ಮ ಪತ್ರಿಕೆ, ಮದುವೆಯಾದ ಮೇಲಿನ ಈ ಸಂಕಟಕ್ಕೆ ಅರ್ಧ ಪುಟವನ್ನಾದರೂ ಕೊಡಬೇಕು.