ಪಿನಾಟುಬೊ ಪಾಠದ ಉಳಿದರ್ಧ

1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್‌ಗಳಷ್ಟು ಸಲ್ಫರ್ ಡೈಆಕ್ಸೈಡ್ ಸಮೋಷ್ಣ ಮಂಡಲವನ್ನು ಸೇರಿತು. ಅಲ್ಲಿ ಅದು ಗಂಧಕಾಮ್ಲದ ಸೂಕ್ಷ್ಮ ಹನಿಗಳಾಗಿ ಮಾರ್ಪಟ್ಟು ಭೂಗೋಳವನ್ನೇ ತೆಳು ಪರದೆಯಂತೆ ಆವರಿಸಿತು. ಸ್ಫೋಟದ ಬೂದಿ ಬೇಗನೆ ಕೆಳಗಿಳಿಯುತ್ತದೆ. ಆದರೆ ಮಳೆ ತೊಳೆಯಲಾರದಷ್ಟು ಎತ್ತರದಲ್ಲಿರುವ ಈ ಹನಿಗಳು ಒಂದೆರಡು ವರ್ಷ ಅಲ್ಲಿಯೇ ಉಳಿಯುತ್ತವೆ. ಸೂರ್ಯರಶ್ಮಿಯ ಒಂದು ಪಾಲನ್ನು ಅವು ಹಿಂದಿರುಗಿಸಿದ್ದರಿಂದ 1992ರಲ್ಲಿ ಜಗತ್ತಿನ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯಿತು.

ಈ ಉತ್ಪಾತವೇ ಈಗ ಕೆಲವರಿಗೆ ಪರಿಹಾರವಾಗಿ ಕಾಣುತ್ತಿದೆ. ವಿಮಾನಗಳ ಮೂಲಕ ಗಂಧಕವನ್ನು ಮೇಲಕ್ಕೆ ಸಿಂಪಡಿಸಿ ಭೂಮಿಯನ್ನು ತಂಪಾಗಿಸಬಾರದೇಕೆ ಎಂಬ ಪ್ರಶ್ನೆ, 2006ರಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಪಾಲ್ ಕ್ರುಟ್ಜೆನ್ ಇಂಥ ಸಂಶೋಧನೆಯ ಅಗತ್ಯವನ್ನು ಪ್ರತಿಪಾದಿಸಿದ ಬಳಿಕ ಗಂಭೀರ ಚರ್ಚೆಗೆ ಬಂತು. ಅನಿಲಗಳ ಹೊರಸೂಸುವಿಕೆಯನ್ನು ತಗ್ಗಿಸುವುದೇ ಉತ್ತಮ ಮಾರ್ಗವೆಂದು ಅವರೂ ಒಪ್ಪಿದ್ದರು.

ಈ ವಾದ ಪಿನಾಟುಬೊ ಕಲಿಸಿದ ಪಾಠದ ಅರ್ಧವನ್ನಷ್ಟೇ ಓದುತ್ತದೆ ಎಂಬುದು ನನ್ನ ಆಕ್ಷೇಪ. ಸ್ಫೋಟದ ನಂತರದ ವರ್ಷದಲ್ಲಿ ಜಗತ್ತಿನ ಭೂಪ್ರದೇಶಗಳ ಮೇಲೆ ಬೀಳುವ ಮಳೆಯೂ ಗಣನೀಯವಾಗಿ ಕಡಿಮೆಯಾಯಿತು. ಬಿಸಿಲು ಕುಗ್ಗಿದರೆ ನೀರು ಆವಿಯಾಗುವುದೂ ಕುಗ್ಗುತ್ತದೆ. ಮುಂಗಾರು ಮಾರುತಗಳನ್ನು ಸೆಳೆಯುವ ನೆಲ ಮತ್ತು ಕಡಲಿನ ತಾಪದ ಅಂತರವೂ ಕಿರಿದಾಗುತ್ತದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದ ಮರುವರ್ಷ ಯುರೋಪ್ ಹಾಗೂ ಉತ್ತರ ಅಮೆರಿಕ ‘ಬೇಸಿಗೆಯಿಲ್ಲದ ವರ್ಷ’ವನ್ನು ಕಂಡವು, ಬೆಳೆ ಕೈಕೊಟ್ಟು ಜನ ಹಸಿವಿನಿಂದ ನರಳಿದರು.

ಜ್ವಾಲಾಮುಖಿಯ ಪರದೆ ತಾನಾಗಿಯೇ ಕರಗುತ್ತದೆ. ಮನುಷ್ಯ ಕಟ್ಟುವ ಪರದೆಯನ್ನಾದರೋ ವರ್ಷವರ್ಷವೂ ನವೀಕರಿಸುತ್ತಿರಬೇಕು. ಯುದ್ಧದಿಂದಲೋ ಹಣದ ಕೊರತೆಯಿಂದಲೋ ಅದು ನಿಂತಿತೆಂದರೆ, ಅಷ್ಟರಲ್ಲಿ ಶೇಖರವಾದ ಇಂಗಾಲದ ಡೈಆಕ್ಸೈಡ್ ಕೆಲವೇ ವರ್ಷಗಳಲ್ಲಿ ಬಿಸಿಯನ್ನು ಥಟ್ಟನೆ ಏರಿಸುತ್ತದೆ. ಆ ಅನಿಲದ ಹೊಣೆಯನ್ನು ಜ್ವಾಲಾಮುಖಿಗಳ ಮೇಲೆ ಹೊರಿಸುವಂತೆಯೂ ಇಲ್ಲ. ಅವು ವರ್ಷಕ್ಕೆ ಉಗುಳುವುದು ಮನುಷ್ಯ ಹೊರಸೂಸುವುದರ ಶೇಕಡ 1ಕ್ಕಿಂತಲೂ ಕಡಿಮೆ.

ಸಂಶೋಧನೆ ನಿಲ್ಲಬೇಕೆಂದು ನಾನು ಹೇಳಲಾರೆ. ಆದರೆ ಆಕಾಶಕ್ಕೆ ಗಂಧಕ ತೂರುವ ತೀರ್ಮಾನವನ್ನು ವಿಮಾನ ಹಾರಿಸಬಲ್ಲ ಕೆಲವೇ ಶ್ರೀಮಂತ ರಾಷ್ಟ್ರಗಳಿಗೆ ಬಿಟ್ಟುಕೊಡಲಾಗದು. ಮಳೆ ತಪ್ಪಿದರೆ ಬೆಲೆ ತೆರುವವನು ಮುಂಗಾರನ್ನೇ ನೆಚ್ಚಿ ಬಿತ್ತುವ ರೈತ. ಅವನ ದೇಶಕ್ಕೆ ಬೇಡವೆನ್ನುವ ಹಕ್ಕಿಲ್ಲದ ಯಾವ ಒಪ್ಪಂದವೂ ನ್ಯಾಯಸಮ್ಮತವಲ್ಲ.