ಖಾಲಿ ಬರುವ ಕಾರಿನ ಬಾಡಿಗೆ

ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದ ಗಾಡಿಯವನನ್ನು ಕೇಳಿದರೆ ಈ ಲೇಖನದ ಅರ್ಧ ವಿಷಯವನ್ನು ಅವನೇ ಹೇಳಿಬಿಡುತ್ತಾನೆ. ಹೋಗುವಾಗ ಗಾಡಿ ತುಂಬ ಕಬ್ಬು, ಬರುವಾಗ ಬರಿಯ ಗಾಡಿ. ಎತ್ತುಗಳು ಮಾತ್ರ ಎರಡು ದಾರಿಗೂ ಮೇವು ತಿನ್ನುತ್ತವೆ. ಆದುದರಿಂದ ಅವನು ಹೋಗುವ ಬಾಡಿಗೆಯಲ್ಲಿಯೇ ಬರುವ ದಾರಿಯ ಮೇವನ್ನೂ ಸೇರಿಸಿ ಕೇಳುತ್ತಾನೆ. ಅದರಲ್ಲಿ ಮೋಸವಿಲ್ಲ.

ಬಾಡಿಗೆ ಕಾರಿನ ಲೆಕ್ಕವೂ ಇದೇ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು 100 ಕಿ.ಮೀ. ಒಂದು ಕಡೆಗೆ ಮಾತ್ರ ಬಿಟ್ಟು ಬಾ ಎಂದು ಸ್ಟ್ಯಾಂಡಿನಲ್ಲಿ ಕೇಳಿದರೆ 200 ಕಿ.ಮೀ. ಬಾಡಿಗೆ ಹೇಳುತ್ತಾರೆ. ಪರಸ್ಥಳದ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಹಿಡಿಯುವವರೂ ಉಂಟು. ಲೆಕ್ಕದ ಅನುಕೂಲಕ್ಕಾಗಿ ಕಿ.ಮೀ. ಒಂದಕ್ಕೆ 15 ರೂ. ಎಂದಿಟ್ಟುಕೊಳ್ಳೋಣ. ಹೋದಷ್ಟಕ್ಕೆ ಮಾತ್ರವಾದರೆ 1,500 ರೂ.; ಹೋಗಿಬರುವುದಕ್ಕೆ 3,000; ಮುನ್ನೂರರ ನಿಬಂಧನೆ ಹಾಕಿದರೆ 4,500. ಅದರ ಮೇಲೆ ಡ್ರೈವರಿನ ಬತ್ತ ಮತ್ತು ಟೋಲು. ಪ್ರಯಾಣ ಮಾಡಿದ್ದು ನೂರು, ತೆತ್ತದ್ದು ಮುನ್ನೂರು.

ಹಣವಂತನಿಗೆ ಇದು ಸಂಗತಿಯೇ ಅಲ್ಲ. ಅವನ ಮನೆಯ ಮುಂದೆ ಅವನದೇ ಕಾರು ನಿಂತಿದೆ. ಕಾರ್ಖಾನೆಯ ಕೆಲಸಗಾರನೂ ಸಣ್ಣ ವ್ಯಾಪಾರಿಯೂ ಬಾಡಿಗೆ ಕಾರು ಕರೆಯುವುದು ವರ್ಷದಲ್ಲಿ ಒಂದೆರಡು ಸಲ, ಅದೂ ಬೇರೆ ದಾರಿಯೇ ಇಲ್ಲದಾಗ. ನಮಗೆ ತಿಳಿದ ಮಳವಳ್ಳಿ ಕಡೆಯ ಕಾರ್ಮಿಕರೊಬ್ಬರು ಸೊಂಟದ ಮೂಳೆ ಮುರಿದ ತಂದೆಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಳವಳ್ಳಿಗೆ ರೈಲಿಲ್ಲ. ಬಸ್ಸಿದೆ, 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ. ಆದರೆ ಮಲಗಿಸಿಕೊಂಡು ಹೋಗಬೇಕಾದ ಮುದುಕರನ್ನು ಬಸ್ಸು ಹತ್ತಿಸುವುದು ಹೇಗೆ? ಬನ್ನೂರಿನ ಮೇಲೆ ಸುಮಾರು 50 ಕಿ.ಮೀ. ದಾರಿಗೆ ಊರಿನ ಕಾರು ಮಾಡಿದರು. ಹೋಗಿಬರುವ ಬಾಡಿಗೆ ಕೊಟ್ಟು ಕಾರನ್ನು ಕಳುಹಿಸಿದರು. ಹತ್ತು ದಿನಗಳ ಮೇಲೆ ಮನೆಗೆ ಕರೆದೊಯ್ಯಿರೆಂದಾಗ ಮೈಸೂರಿನ ಕಾರು ಮಾಡಿದರು. ಅವನೂ ಹೋಗಿಬರುವ ಬಾಡಿಗೆ ಕೇಳಿದ.

"ನಾನ್ ಬರೋದು ಒಂದೇ ಕಡೆಗಲ್ವೇನಣ್ಣ?" ಎಂದು ಇವರು ಕೇಳಿದರಂತೆ.

"ನಾನ್ ಖಾಲಿ ವಾಪಸ್ ಬರ್ಬೇಕಲ್ಲಣ್ಣ, ಅದ್ರ ದುಡ್ಡು ಯಾರ್ ಕೊಡ್ತಾರೆ?" ಎಂದು ಅವನು ಕೇಳಿದ.

ಇಬ್ಬರ ಮಾತೂ ನ್ಯಾಯವೇ. ಮನೆಯವರು ಪ್ರಯಾಣ ಮಾಡಿದ್ದು ಒಟ್ಟು 100 ಕಿ.ಮೀ., ಕೈಸಾಲ ತಂದು ಕೊಟ್ಟದ್ದು 200 ಕಿ.ಮೀ. ಹಣ. ಅದೇ ದಿನ ಮಳವಳ್ಳಿಯ ಯಾವುದೋ ಕಾರು ಮೈಸೂರಿನಲ್ಲಿ ಯಾರನ್ನೋ ಇಳಿಸಿ ಬನ್ನೂರಿನ ಮೇಲೆ ಖಾಲಿ ಹಿಂದಿರುಗಿರಬಹುದು. ಮೈಸೂರಿನ ಕಾರು ಖಾಲಿಯಾಗಿ ಆ ಕಡೆಗೆ, ಮಳವಳ್ಳಿಯ ಕಾರು ಖಾಲಿಯಾಗಿ ಈ ಕಡೆಗೆ. ಎರಡೂ ಕಾರುಗಳು ಎದುರುಬದುರಾಗಿ ಹಾರನ್ ಹೊಡೆದು ಹೋಗುತ್ತವೆ. ಆ ಹಾರನ್ನಿನ ಖರ್ಚನ್ನೂ ಬಡವನೇ ಕೊಡುತ್ತಾನೆ.

ವ್ಯಾಪಾರಿಯ ಕಷ್ಟ ಇದರ ಇನ್ನೊಂದು ಮುಖ. ಮದ್ದೂರಿನ ಬಟ್ಟೆ ವ್ಯಾಪಾರಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾನೆ, ಕೈಯಲ್ಲಿ ಒಂದು ಚೀಲ. ಚಿಕ್ಕಪೇಟೆಯಿಂದ ಹೊರಡುವಾಗ ನಾಲ್ಕು ಗಂಟು. ಅವನಿಗೆ ಕಾರು ಬೇಕಾದದ್ದು ಬರುವಾಗ ಮಾತ್ರ. ಅದೇ ದಿನ ನಸುಕಿನಲ್ಲಿ ಮಂಡ್ಯದ ಡ್ರೈವರ್ ಒಬ್ಬ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಜನರನ್ನು ಬಿಟ್ಟಿದ್ದಾನೆ. ಅಲ್ಲಿನ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲಲು ಅವನಿಗೆ ಅನುಮತಿಯಿಲ್ಲ. ಮರದಡಿಯಲ್ಲಿ ಕಾರು ನಿಲ್ಲಿಸಿ ಒಂದು ಗಂಟೆ ನಿದ್ದೆ ತೆಗೆದು ಖಾಲಿ ಹೊರಡುತ್ತಾನೆ. ವ್ಯಾಪಾರಿಗೆ ಅವನಿರುವುದು ಗೊತ್ತಿಲ್ಲ, ಅವನಿಗೆ ವ್ಯಾಪಾರಿ ಇರುವುದು ಗೊತ್ತಿಲ್ಲ.

ಈ ಕೊರತೆಯನ್ನು ಕಂಡುಕೊಂಡವರು ಮೊಬೈಲ್ ಆ್ಯಪಿನ ಕಂಪನಿಗಳವರು. "ಒಂದು ಕಡೆಯ ಪ್ರಯಾಣಕ್ಕೆ ಒಂದು ಕಡೆಯ ಬಾಡಿಗೆ" ಎಂದು ಜಾಹೀರಾತು ಮಾಡುತ್ತಾರೆ. ಕೇಳಲು ಹಿತವಾಗಿದೆ. ಆದರೆ ಖಾಲಿ ದಾರಿ ಎಲ್ಲಿಗೂ ಮಾಯವಾಗುವುದಿಲ್ಲ. ಒಂದೋ ಕಿ.ಮೀ. ದರವನ್ನೇ ಏರಿಸಿ ಅದನ್ನು ಪ್ರಯಾಣಿಕನ ಮೇಲೆ ಹಾಕುತ್ತಾರೆ, ಇಲ್ಲವೇ ಡ್ರೈವರಿನ ಮೇಲೆ ಹಾಕುತ್ತಾರೆ. ಅವನು ಬೆಂಗಳೂರಿನ ರಸ್ತೆ ಬದಿಯಲ್ಲಿ ಕಾರಿನೊಳಗೇ ಮಲಗಿ ವಾಪಸಿನ ಬಾಡಿಗೆಗಾಗಿ ಮೊಬೈಲ್ ನೋಡುತ್ತಾ ಕೂರುತ್ತಾನೆ. ಸಿಕ್ಕಿದ ಬಾಡಿಗೆಯಲ್ಲೂ ಕಮಿಷನ್ ಮುರಿಯುತ್ತದೆ. ಕೆಲವರಲ್ಲಿ ಕನಿಷ್ಠ ದೂರದ ನಿಬಂಧನೆಯೂ ಇರುತ್ತದೆ. ಅದು 130 ಕಿ.ಮೀ. ಆದರೆ, ಬೆಂಗಳೂರಿಗೆ ಹೊರಟ ಮಂಡ್ಯದವನು ಹೊಸಕೋಟೆಯವರೆಗಿನ ದುಡ್ಡು ಕೊಟ್ಟಂತಾಯಿತು. ಮಳವಳ್ಳಿಯ ಹಿಂದಿನ ಹಳ್ಳಿಯಿಂದ ರಾತ್ರಿ ಹತ್ತು ಗಂಟೆಗೆ ಕರೆದರೆ ಮೊಬೈಲಿನ ಪರದೆಯಲ್ಲಿ ಕಾರು ಕಾಣುತ್ತದೆಯೇ ಎಂಬುದನ್ನು ಓದುಗರು ತಾವೇ ನೋಡಬಹುದು.

ಡ್ರೈವರಿಲ್ಲದೆ ಕಾರನ್ನು ಬಾಡಿಗೆಗೆ ಪಡೆದು ತಾವೇ ಓಡಿಸಿಕೊಂಡು ಹೋಗಿ ಇನ್ನೊಂದು ಊರಿನಲ್ಲಿ ಬಿಡುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಅಲ್ಲಿಯೂ ಬೇರೆ ಊರಿನಲ್ಲಿ ಬಿಟ್ಟರೆ ಪ್ರತ್ಯೇಕ ಶುಲ್ಕ ಹಾಕುವುದು ಸಾಮಾನ್ಯ, ಏಕೆಂದರೆ ಆ ಕಾರನ್ನು ಯಾರಾದರೂ ಹಿಂದಕ್ಕೆ ತರಲೇಬೇಕು. ನಮ್ಮಲ್ಲಿ ಈ ವ್ಯವಹಾರಕ್ಕೆ 1989ರ ರೆಂಟ್-ಎ-ಕ್ಯಾಬ್ ಸ್ಕೀಮ್ ಎಂಬ ಕೇಂದ್ರದ ನಿಯಮವಿದೆ. ಅದರ ಪ್ರಕಾರ ಲೈಸೆನ್ಸು ಬೇಕೆಂದರೆ ಕನಿಷ್ಠ 50 ಕಾರುಗಳಿರಬೇಕು. ಮಂಡ್ಯದ ಯಾವ ಬಡ ಮಾಲೀಕನಲ್ಲಿ ಐವತ್ತು ಕಾರುಗಳಿವೆ? ಬಂಡವಾಳವಿದ್ದವನಿಗೆ ಬಾಗಿಲು ತೆರೆದು, ಒಂದು ಕಾರಿನವನಿಗೆ ಮುಚ್ಚಿದ ನಿಯಮವಿದು. ಪರಿಣಾಮವಾಗಿ ಹಳದಿ ಬೋರ್ಡಿಲ್ಲದ ಸ್ವಂತ ಕಾರುಗಳು ಗುಟ್ಟಾಗಿ ಬಾಡಿಗೆಗೆ ಓಡುತ್ತವೆ. ಕಡಿಮೆ ದರವೆಂದು ನಮ್ಮ ಜನರೂ ಹತ್ತುತ್ತಾರೆ. ಖಾಸಗಿ ಕಾರಿನ ವಿಮೆಯು ಬಾಡಿಗೆಯ ಓಡಾಟಕ್ಕೆ ಅನ್ವಯಿಸುವುದಿಲ್ಲವೆಂಬುದು ಅಪಘಾತವಾದ ಮೇಲೆ ತಿಳಿಯುತ್ತದೆ.

ಹಾಗಾದರೆ ಸರ್ಕಾರವೇನು ಮಾಡಿದೆ? 2024ರ ಜನವರಿಯಲ್ಲಿ ಟ್ಯಾಕ್ಸಿಗಳಿಗೆ ಏಕರೂಪದ ದರ ಗೊತ್ತುಮಾಡಿತು. ಹತ್ತು ಲಕ್ಷ ರೂ. ಒಳಗಿನ ಬೆಲೆಯ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂ., ಅನಂತರ ಕಿ.ಮೀ. ಒಂದಕ್ಕೆ 24 ರೂ. ಒಳ್ಳೆಯದೇ ಆಯಿತು. ಆದರೆ ಅದು ನಗರದೊಳಗಿನ ಓಡಾಟದ ಲೆಕ್ಕ. ಊರಿನಿಂದ ಊರಿಗೆ ಹೋದವನ ಖಾಲಿ ವಾಪಸಾತಿಯ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 67ನೆಯ ಪ್ರಕರಣದಲ್ಲಿ ಇಂಥ ಬಾಡಿಗೆಗಳಿಗೆ ಕನಿಷ್ಠ, ಗರಿಷ್ಠ ದರ ಗೊತ್ತುಮಾಡಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಮಂಡ್ಯದಿಂದ ಮೈಸೂರಿಗೆ, ಮದ್ದೂರಿನಿಂದ ಬೆಂಗಳೂರಿಗೆ, ಮಳವಳ್ಳಿಯಿಂದ ಎರಡೂ ಕಡೆಗೆ ಒಂದು ದಾರಿಯ ಬಾಡಿಗೆ ಇಷ್ಟು ಎಂದು ಸ್ಟ್ಯಾಂಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಲು ಹೊಸ ಕಾಯಿದೆ ಬೇಕಿಲ್ಲ.

ಆ ದರ ಎಷ್ಟಿರಬೇಕು? ಟೋಲ್ ಗೇಟನ್ನು ಹೊಗಳುವ ಉದ್ದೇಶ ನಮಗಿಲ್ಲ, ಆದರೂ ಅಲ್ಲೊಂದು ಪಾಠವಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಬಿಡದಿ ಕಡೆಯ ವಸೂಲಿ 2023ರ ಮಾರ್ಚಿಯಲ್ಲಿ ಆರಂಭವಾದಾಗ ಕಾರಿಗೆ ಒಂದು ಕಡೆಗೆ 135 ರೂ., 24 ಗಂಟೆಯೊಳಗೆ ಹಿಂದಿರುಗಿದರೆ ಎರಡೂ ಕಡೆಗೆ ಸೇರಿ 205 ರೂ. ಇತ್ತು. ದರ ಆಮೇಲೆ ಏರಿದೆ, ಆದರೆ ಹೋಗಿಬರುವವನಿಗೆ ಒಂದೂವರೆ ಪಾಲು ಎಂಬ ನಿಯಮ ಅದೇ ಇದೆ. ಹೀಗಿರುವಲ್ಲಿ ಪ್ರಯಾಣಿಕನಿಂದ ಟೋಲನ್ನು ಎರಡು ಪಾಲು ವಸೂಲು ಮಾಡುವುದು ಸರಿಯಲ್ಲ. ಪೆಟ್ರೋಲು, ಟೈರು ಮಾತ್ರ ಎರಡು ದಾರಿಗೂ ಸವೆಯುತ್ತವೆ. ಅದರಲ್ಲಿ ಡ್ರೈವರನ್ನು ದೂರುವಂತಿಲ್ಲ. ಅವನು ಸಾಲದ ಕಂತು ಕಟ್ಟಬೇಕು, ಮಕ್ಕಳ ಫೀಸು ಕೊಡಬೇಕು. ಅವನ ಹೊಟ್ಟೆಯ ಮೇಲೆ ಹೊಡೆದು ಬಾಡಿಗೆ ಇಳಿಸಿರೆಂದು ನಾವು ಕೇಳುವುದಿಲ್ಲ.

ಖಾಲಿ ದಾರಿಯನ್ನು ತುಂಬಬೇಕು, ಅಷ್ಟೇ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದೂರದ ಊರಿಗೆ ಹೋದ ಲಾರಿಯವನು ರಿಟರ್ನ್ ಲೋಡಿಗಾಗಿ ವಿಚಾರಿಸದೆ ಅಲ್ಲಿಂದ ಹೊರಡುತ್ತಾನೆಯೇ? ಲಾರಿಗೆ ಇರುವ ಬುದ್ಧಿ ಕಾರಿಗೆ ಏಕಿರಬಾರದು? ಮಂಡ್ಯ, ಮದ್ದೂರು, ಮಳವಳ್ಳಿಯ ಹಳದಿ ಬೋರ್ಡಿನ ಡ್ರೈವರುಗಳು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡು, ಮೂರೂ ಸ್ಟ್ಯಾಂಡುಗಳಿಗೆ ಒಂದೇ ಫೋನ್ ನಂಬರು ಇಟ್ಟುಕೊಳ್ಳಲಿ. ಹೊರಡುವ ಡ್ರೈವರ್ ಎಲ್ಲಿಗೆ, ಯಾವ ಹೊತ್ತಿಗೆ ಎಂದು ಬರೆಸಲಿ. ಅಲ್ಲಿಂದ ಬರಬೇಕಾದವರು ಹಿಂದಿನ ಸಂಜೆಯೇ ಫೋನು ಮಾಡಲಿ. ಬೆಂಗಳೂರಿನ ಆಟೋ ಡ್ರೈವರುಗಳ ಸಂಘ 2022ರ ನವೆಂಬರಿನಲ್ಲಿ 'ನಮ್ಮ ಯಾತ್ರಿ' ಎಂಬ ಆ್ಯಪನ್ನು ಆರಂಭಿಸಿ, ಕಮಿಷನ್ನಿನ ಬದಲು ದಿನಕ್ಕೆ 25 ರೂ. ಚಂದಾದ ಕ್ರಮ ತಂದಿತು. ದುಡಿಯುವವರಿಗೆ ಇದು ಆಗದ ಕೆಲಸವಲ್ಲ. ಮೂರು ಊರಿಗೆ ಆ್ಯಪು ಕೂಡ ಬೇಕಾಗಿಲ್ಲ, ಒಂದು ಫೋನು ಮತ್ತು ಒಂದು ನೋಟ್‌ಬುಕ್ಕು ಸಾಕು.

ಹಳೆಯ ಉಪಾಧ್ಯಾಯರಾದ ನಮಗೆ ಲೆಕ್ಕ ಬಿಡಿಸದೆ ಸಮಾಧಾನವಿಲ್ಲ. ಮಳವಳ್ಳಿ-ಮೈಸೂರು 50 ಕಿ.ಮೀ., ಮೇಲಿನ ದರದಲ್ಲಿ ಒಂದು ದಾರಿಗೆ 750 ರೂ. ಈಗ ಹೋಗುವವನೂ 1,500 ಕೊಡುತ್ತಾನೆ, ಬರುವವನೂ 1,500 ಕೊಡುತ್ತಾನೆ. ಒಂದೇ ಕಾರಿನಲ್ಲಿ ಒಬ್ಬನು ಹೋಗಿ ಇನ್ನೊಬ್ಬನು ಬಂದು, ತಲಾ ಒಂದೂಕಾಲು ಪಾಲು ಕೊಟ್ಟರೆ ಒಬ್ಬೊಬ್ಬರಿಗೆ ಸುಮಾರು 940 ರೂ. ಡ್ರೈವರಿಗೆ 1,500ರ ಬದಲು 1,880. ಪ್ರಯಾಣಿಕನಿಗೆ 560 ಉಳಿಯಿತು, ಡ್ರೈವರಿಗೆ 380 ಹೆಚ್ಚು ಬಂತು. ಸುಟ್ಟುಹೋಗುತ್ತಿದ್ದ ಪೆಟ್ರೋಲಿನ ದುಡ್ಡು ಇಬ್ಬರ ಜೇಬಿಗೂ ಬಂದದ್ದು ಹೀಗೆ.

ಮೂರು ನಾಲ್ಕು ಜನ ಅಪರಿಚಿತರು ಒಂದೊಂದು ಸೀಟಿಗೆ ಕೊಟ್ಟು ಬರುವುದು ಕಾನೂನಿಗೆ ವಿರೋಧವೆಂದು ಕೆಲವರು ಹೆದರಿಸುತ್ತಾರೆ. ಅದೇ ಕಾಯಿದೆಯ 2ನೆಯ ಪ್ರಕರಣದ 7ನೆಯ ವ್ಯಾಖ್ಯೆಯನ್ನು ಓದಲಿ. ಪ್ರಯಾಣಿಕರಿಂದ ಬೇರೆಬೇರೆಯಾಗಿ ಬಾಡಿಗೆ ಪಡೆದರೂ ಮೋಟಾರ್ ಕ್ಯಾಬು ಕಾಂಟ್ರ್ಯಾಕ್ಟ್ ಕ್ಯಾರೇಜೇ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ದಾರಿಯುದ್ದಕ್ಕೂ ಬಸ್ಸಿನಂತೆ ನಿಲ್ಲಿಸಿ ಹತ್ತಿಸುವುದು ಬೇರೆ ಮಾತು. ಅದನ್ನು ನಾವು ಹೇಳುತ್ತಿಲ್ಲ.

ಈ ವಿಚಾರವನ್ನು ಸ್ಟ್ಯಾಂಡುಗಳಲ್ಲಿ ಮಾತಾಡಿದಾಗ ಎರಡು ಆಕ್ಷೇಪಣೆಗಳು ಬಂದವು. ಒಂದೇ ಕಾರು ಎರಡು ಕೆಲಸ ಮಾಡಿದರೆ ಇನ್ನೊಂದು ಕಾರಿನವನ ಗತಿಯೇನು ಎಂಬುದು ಮೊದಲನೆಯದು. ನಿಜ, ಆ ದಿನದ ಬಾಡಿಗೆ ಅವನಿಗೆ ತಪ್ಪುತ್ತದೆ. ಆದರೆ 1,500ಕ್ಕೆ ಹೆದರಿ ನಡುರಾತ್ರಿಯ ಬಸ್ಸಿಗೆ ಕಾಯುವವರು, ಕಳ್ಳ ಬಾಡಿಗೆಯ ಕಾರು ಹತ್ತುವವರು ಎಷ್ಟು ಮಂದಿ? 940 ಆದರೆ ಅವರಲ್ಲಿ ಹಲವರು ಸ್ಟ್ಯಾಂಡಿಗೆ ಬರುತ್ತಾರೆಂದು ನಮ್ಮ ನಂಬಿಕೆ. ಮೈಸೂರಿನ ಸ್ಟ್ಯಾಂಡಿನವರು ಮಳವಳ್ಳಿಯ ಕಾರಿಗೆ ಅಲ್ಲಿಂದ ಜನ ಹತ್ತಿಸಲು ಬಿಡುವರೇ ಎಂಬುದು ಎರಡನೆಯದು. ಇದು ಗಟ್ಟಿಯಾದ ಆಕ್ಷೇಪಣೆ. ಅವರ ಕಾರು ಮಳವಳ್ಳಿಗೆ ಬಂದಾಗ ವಾಪಸಿನ ಜನರನ್ನು ನಾವು ಕೂಡಿಸಿಕೊಡುವುದಾದರೆ ಅವರೂ ಬಿಟ್ಟಾರು. ಸಂಘಕ್ಕೂ ಸಂಘಕ್ಕೂ ಒಪ್ಪಂದವಾಗಬೇಕಾದ ವಿಷಯವಿದು, ಒಬ್ಬೊಬ್ಬ ಡ್ರೈವರ್ ಹೋಗಿ ಜಗಳವಾಡಿ ತೀರಿಸುವಂಥದಲ್ಲ.

ಮದ್ದೂರಿನ ಡ್ರೈವರೊಬ್ಬರು ಇನ್ನೊಂದು ಪ್ರಶ್ನೆ ಕೇಳಿದರು: "ಬತ್ತೀನಿ ಅಂತ ಹೇಳಿದೋನು ಬಸ್ ಹತ್ಕೊಂಡು ಹೋಗ್ಬುಟ್ರೆ?" ಆಗ ಆ ಡ್ರೈವರ್ ಒಂದೂಕಾಲು ಪಾಲಿನಲ್ಲಿಯೇ ಖಾಲಿ ಬರಬೇಕಾಗುತ್ತದೆ. ಅದಕ್ಕೆ ವಾಪಸಿನ ಬಾಡಿಗೆಯಲ್ಲಿ 200 ರೂ. ಮುಂಗಡವನ್ನು ಹಿಂದಿನ ದಿನವೇ ಸಂಘಕ್ಕೆ ಕಟ್ಟಿಸಿಕೊಳ್ಳಬೇಕು, ಮಾತು ತಪ್ಪಿದರೆ ಅದು ಡ್ರೈವರಿಗೆ ಸಲ್ಲಬೇಕೆಂದು ನಾವು ಹೇಳಿದೆವು. ಇನ್ನೂರು ಸಾಲದು, ಮುನ್ನೂರಾದರೂ ಬೇಕೆಂದು ಅವರು ಹೇಳಿದರು. ಸಂಘ ಕೂಡಿದ ದಿನ ಮೊದಲು ತೀರ್ಮಾನವಾಗಬೇಕಾದದ್ದು ಇದೇ.